ಹಳೆಯ ಗೋಡೆಗೆ ತಕ್ಕ ಗಾರೆ: ವರ್ತಕರ ಹೊಣೆಯೂ ಅವಕಾಶವೂ

ಬೆಂಗಳೂರಿನಲ್ಲಿ ಗೋಡೆ ಕಟ್ಟುವ ಹಾಗೂ ಪ್ಲಾಸ್ಟರ್ ಮಾಡುವ ವೃತ್ತಿಯನ್ನು ಇಂದಿಗೂ ‘ಗಾರೆ ಕೆಲಸ’ ಎಂದೇ ಕರೆಯುತ್ತಾರೆ. ಗಾರೆ ಎಂದರೆ ಸುಣ್ಣ, ಮರಳು ಮತ್ತು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಇವುಗಳನ್ನು ನೀರಿನೊಡನೆ ಗಾಣದಲ್ಲಿ ಅರೆದು ಸಿದ್ಧಪಡಿಸುತ್ತಿದ್ದ ಪಾಕ. ಇಂದು ಗಾರೆ ಕೆಲಸಕ್ಕೆ ಬರುವವರ ಬಾಂಡ್ಲಿಯಲ್ಲಿ ಸಿಮೆಂಟ್ ಮತ್ತು ಎಂ-ಸ್ಯಾಂಡ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೆಸರು ಉಳಿದಿದೆ, ವಸ್ತು ಮರೆಯಾಗಿದೆ. ಹೊಸ ಕಟ್ಟಡಗಳ ಮಟ್ಟಿಗೆ ಇದರಿಂದ ಹೆಚ್ಚಿನ ನಷ್ಟವೇನೂ ಆಗಿಲ್ಲ. ಆದರೆ ಹಳೆಯ ಮನೆಗಳ ದುರಸ್ತಿಯ ವಿಷಯದಲ್ಲಿ ಈ ಮರೆವಿಗೆ ಮನೆಯ ಮಾಲೀಕರು ಪ್ರತಿ ಮಳೆಗಾಲದ ನಂತರ ದಂಡ ತೆರುತ್ತಿದ್ದಾರೆ. ಆ ದಂಡದಲ್ಲಿ ಕಟ್ಟಡ ಸಾಮಗ್ರಿಗಳ ವರ್ತಕರಾದ ನಮ್ಮ ಪಾಲೂ ಇದೆ ಎಂಬುದು ಈ ಲೇಖನದ ವಾದ.

ನಂದಿನಿ ಲೇಔಟ್ ಮತ್ತು ಅದರ ಆಸುಪಾಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಡೆ ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಗಳು. ಇನ್ನೊಂದು ಕಡೆ ಲಗ್ಗೆರೆ, ಗೊರಗುಂಟೆಪಾಳ್ಯ. ಅದರಾಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಈ ಕೆಲವೇ ಕಿಲೋಮೀಟರುಗಳ ವ್ಯಾಪ್ತಿಯಲ್ಲಿ ಮೂರು ನಾಲ್ಕು ಕಾಲದ ಗೋಡೆಗಳು ಒಟ್ಟಿಗೆ ನಿಂತಿವೆ. ಬಡಾವಣೆಗಳು ಬರುವ ಮುಂಚಿನ ಹಳ್ಳಿಗಳ ನಡುಭಾಗದಲ್ಲಿ ಮಣ್ಣಿನ ಗೋಡೆಗಳೂ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗಳೂ ಅಲ್ಲಲ್ಲಿ ಉಳಿದಿವೆ. ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ಸೈಜುಗಲ್ಲಿನ ಮತ್ತು ಸುಟ್ಟ ಇಟ್ಟಿಗೆಯ ದಪ್ಪ ಗೋಡೆಗಳಿವೆ. ನಂದಿನಿ ಲೇಔಟಿನ ಮೊದಲ ತಲೆಮಾರಿನ ಮನೆಗಳಲ್ಲಿ 9 ಅಂಗುಲದ ಇಟ್ಟಿಗೆ ಗೋಡೆ, ಮೇಲೆ ಆರ್.ಸಿ.ಸಿ. ತಾರಸಿ. ನಂತರ ಬಂದವುಗಳಲ್ಲಿ ಕಾಂಕ್ರೀಟ್ ಬ್ಲಾಕ್. ಹೊರಗಿನಿಂದ ಎಲ್ಲವಕ್ಕೂ ಒಂದೇ ಬಣ್ಣ, ಒಂದೇ ಪುಟ್ಟಿ. ಒಳಗೆ ಇರುವುದು ಮಾತ್ರ ಬೇರೆ ಬೇರೆ ಸ್ವಭಾವದ ಗೋಡೆಗಳು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಸ್ಮರಿಸುವುದು ಸೂಕ್ತ. 1982ರವರೆಗೆ ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಸಂಪೂರ್ಣವಾಗಿ ಸರ್ಕಾರದ ನಿಯಂತ್ರಣದಲ್ಲಿತ್ತು. ಆ ವರ್ಷ ಭಾಗಶಃ ನಿಯಂತ್ರಣ ತೆರವಾಯಿತು. ಪೂರ್ಣ ತೆರವಾದದ್ದು 1989ರಲ್ಲಿ. ಪರ್ಮಿಟ್ ಹಿಡಿದು ಚೀಲಗಳಿಗಾಗಿ ಕಾದ ದಿನಗಳು ನಮ್ಮ ಹಿರಿಯ ಸದಸ್ಯರಿಗೆ ಚೆನ್ನಾಗಿ ನೆನಪಿರುತ್ತವೆ. ಆ ಕಾಲದಲ್ಲಿ ಮನೆ ಕಟ್ಟಿದವರು ಸಿಕ್ಕ ಸಿಮೆಂಟನ್ನು ತಳಪಾಯ, ಲಿಂಟಲ್, ತಾರಸಿಗಳಿಗೆ ಮೀಸಲಿಟ್ಟು, ಗೋಡೆಯನ್ನು ಮಣ್ಣಿನ ಗಾರೆಯಲ್ಲೋ ಸುಣ್ಣ ಬೆರೆತ ಗಾರೆಯಲ್ಲೋ ಕಟ್ಟಿ, ಹೊರಗೆ ಮಾತ್ರ ಸಿಮೆಂಟ್ ಪಾಯಿಂಟಿಂಗ್ ಅಥವಾ ತೆಳುವಾದ ಪ್ಲಾಸ್ಟರ್ ಮಾಡಿಸುವುದು ವಾಡಿಕೆಯಾಗಿತ್ತು. ಆದ್ದರಿಂದ 40 ವರ್ಷ ದಾಟಿದ ಮನೆಯ ಮೇಲ್ಮೈ ಸಿಮೆಂಟಿನದು ಎಂದ ಮಾತ್ರಕ್ಕೆ ಒಳಗಿನ ಗೋಡೆಯೂ ಸಿಮೆಂಟಿನದೇ ಎಂದು ಭಾವಿಸುವಂತಿಲ್ಲ.

ಅಂಗಡಿಯ ಮುಂದೆ ನಡೆಯುವುದು

ನವೆಂಬರ್ ಬಂತೆಂದರೆ ಹಾರ್ಡ್‌ವೇರ್ ಮತ್ತು ಸಿಮೆಂಟ್ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಮಾತು ಇಷ್ಟೇ: “ಸಾರ್, ಗೋಡೆ ಕೆಳಗಡೆ ಪ್ಲಾಸ್ಟರ್ ಉದುರ್ತಾ ಇದೆ. ಮೇಸ್ತ್ರಿ ಎರಡು ಚೀಲ ಸಿಮೆಂಟು, ಒಂದು ಡಬ್ಬ ವಾಟರ್‌ಪ್ರೂಫ್ ತರೋಕೆ ಹೇಳಿದ್ರು.” ನಮ್ಮ ಕಡೆಯ ಉತ್ತರವೂ ಅಷ್ಟೇ ಸಿದ್ಧವಾಗಿರುತ್ತದೆ: “ಯಾವ ಬ್ರ್ಯಾಂಡ್ ಕೊಡ್ಲಿ ಸಾರ್?” ಬಿಲ್ಲು ಹರಿದು ಕೈಗಿಟ್ಟರೆ ವ್ಯವಹಾರ ಮುಗಿಯಿತು. ಮನೆ ಎಷ್ಟು ವರ್ಷದ್ದು, ಗೋಡೆ ಯಾವುದರಲ್ಲಿ ಕಟ್ಟಿದ್ದು, ತೇವ ಮೇಲಿನಿಂದ ಇಳಿಯುತ್ತಿದೆಯೋ ಕೆಳಗಿನಿಂದ ಏರುತ್ತಿದೆಯೋ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಮೇಸ್ತ್ರಿ ಕೇಳಿಲ್ಲ, ಮಾಲೀಕರಿಗೆ ಗೊತ್ತಿಲ್ಲ, ನಾವು ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಸಣ್ಣ ದುರಸ್ತಿಗಳಿಗೆ ಎಂಜಿನಿಯರರನ್ನು ಕರೆಸುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದರಿಂದ, ಯಾವ ಗಾರೆ ಎಂಬ ತಾಂತ್ರಿಕ ನಿರ್ಧಾರ ವಾಸ್ತವವಾಗಿ ಅಂಗಡಿಯಲ್ಲೇ ಆಗಿಹೋಗುತ್ತದೆ.

ಒಂದಕ್ಕೆ ಮೂರರ ದಪ್ಪ ಪ್ಲಾಸ್ಟರ್ ಬೀಳುತ್ತದೆ. ಮೊದಲ ವರ್ಷ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಎರಡನೆಯ ವರ್ಷ ಹೊಸ ಪ್ಲಾಸ್ಟರಿನ ಮೇಲಂಚಿನಲ್ಲಿ ತೇವದ ಗೆರೆ ಮೂಡುತ್ತದೆ. ಮೂರನೆಯ ವರ್ಷ ಪ್ಲಾಸ್ಟರ್ ಹಲಗೆಯಂತೆ ಇಡಿಯಾಗಿ ಎದ್ದು ಬರುತ್ತದೆ. ಅದರ ಹಿಂಬದಿಗೆ ಇಟ್ಟಿಗೆಯ ಕೆಂಪು ಪದರವೂ ಅಂಟಿಕೊಂಡು ಬಂದಿರುತ್ತದೆ. ಸಿಮೆಂಟ್ ಕಳಪೆ ಎಂದು ಗಿರಾಕಿ ಅಂಗಡಿಯವರನ್ನು ದೂರುತ್ತಾರೆ. ಸಿಮೆಂಟ್ ಕಳಪೆಯಾಗಿರಲಿಲ್ಲ. ಆ ಗೋಡೆಗೆ ಅದು ಅತಿಯಾಗಿ ಗಟ್ಟಿಯಾಗಿತ್ತು.

ಗಟ್ಟಿಯಾದದ್ದೆಲ್ಲ ಒಳ್ಳೆಯದಲ್ಲ

ಈ ಮಾತು ನಮ್ಮ ವ್ಯಾಪಾರದ ಬುದ್ಧಿಗೆ ಒಗ್ಗುವುದು ಕಷ್ಟ. 33 ಗ್ರೇಡಿಗಿಂತ 43 ಮೇಲು, 43ಕ್ಕಿಂತ 53 ಮೇಲು ಎಂದು ಹೇಳಿ ಮಾರಿದವರು ನಾವು. ಆದರೆ ಕಾರಣ ಸರಳವಾಗಿದೆ. ಬೆಂಗಳೂರಿನ ಸುತ್ತಮುತ್ತ, ಮಾಲೂರು ಮೊದಲಾದ ಕಡೆ ತಯಾರಾಗುವ ಸುಟ್ಟ ಇಟ್ಟಿಗೆ ಸ್ವಭಾವತಃ ಮೃದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಈ ಇಟ್ಟಿಗೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನಗಳು ಒಂದು ಮುಖ್ಯ ಅಂಶವನ್ನು ತೋರಿಸಿಕೊಟ್ಟಿವೆ: ನಮ್ಮ ಇಟ್ಟಿಗೆ, 1:6ರ ಸಾಧಾರಣ ಸಿಮೆಂಟ್ ಗಾರೆಗಿಂತಲೂ ಮೃದು. ಪಾಶ್ಚಾತ್ಯ ಪುಸ್ತಕಗಳು ಗಟ್ಟಿ ಇಟ್ಟಿಗೆ, ಮೆದು ಗಾರೆ ಎಂಬ ಜೋಡಿಯನ್ನು ಇಟ್ಟುಕೊಂಡು ಬರೆದವು. ನಮ್ಮ ಗೋಡೆಗಳಲ್ಲಿ ಸ್ಥಿತಿ ತಿರುವುಮುರುವಾಗಿದೆ. ಗಾರೆಯ ಬಲವನ್ನು ಹೆಚ್ಚಿಸುವುದಕ್ಕಿಂತ, ಇಟ್ಟಿಗೆಯೊಡನೆ ಗಾರೆ ಹಿಡಿದುಕೊಳ್ಳುವ ಬೆಸುಗೆಯನ್ನು ಹೆಚ್ಚಿಸಿದರೆ ಗೋಡೆಗೆ ಹೆಚ್ಚು ಪ್ರಯೋಜನ ಎಂಬುದೂ ಅದೇ ಅಧ್ಯಯನಗಳ ತಾತ್ಪರ್ಯ. ಸಿಮೆಂಟಿನೊಡನೆ ಸುಣ್ಣ ಬೆರೆತ ಗಾರೆ ಈ ಬೆಸುಗೆಯಲ್ಲಿ ಮುಂದು.

ಇನ್ನು ನೀರಿನ ವಿಷಯ. ಬೆಂಗಳೂರಿಗೆ ಜೂನ್‌ನಿಂದ ನೈಋತ್ಯ ಮುಂಗಾರು, ಅಕ್ಟೋಬರಿನಿಂದ ಈಶಾನ್ಯ ಹಿಂಗಾರು. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಅತಿ ಹೆಚ್ಚು ಮಳೆ. ನಡುವೆ ಟೊಳ್ಳಿಲ್ಲದ ಇಡಿ ಗೋಡೆ ಮಳೆಯಲ್ಲಿ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಬಿಟ್ಟುಕೊಡುತ್ತದೆ. ಸುಣ್ಣದ ಗಾರೆಯ ಕಿರುರಂಧ್ರಗಳ ಮೂಲಕ ಈ ಆವಿ ಸಲೀಸಾಗಿ ಹೊರಬೀಳುತ್ತದೆ. ದಟ್ಟವಾದ ಸಿಮೆಂಟ್ ಪ್ಲಾಸ್ಟರ್ ಹೊದಿಸಿದಾಗ ಆವಿ ಹೊರಬೀಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ನೀರು ಒಳಬರುವ ದಾರಿ ಮುಚ್ಚುವುದಿಲ್ಲ. ಗಟ್ಟಿ ಪ್ಲಾಸ್ಟರ್ ಒಣಗುವಾಗ ಕುಗ್ಗಿ ಕೂದಲೆಳೆಯ ಬಿರುಕುಗಳನ್ನು ಬಿಡುತ್ತದೆ. ಹಳೆಯ ಗೋಡೆ ಬಿಸಿಲಿಗೆ, ತೇವಕ್ಕೆ ಕದಲಿದಾಗ ಆ ಬಿರುಕುಗಳು ಹಿಗ್ಗುತ್ತವೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲಾರದೆ ಮೇಲಕ್ಕೆ ಏರುತ್ತದೆ. ಎರಡಡಿ ಎತ್ತರದ ಪ್ಲಾಸ್ಟರ್ ಮಾಡಿಸಿದವರು ಮುಂದಿನ ವರ್ಷ ಎರಡೂವರೆ ಅಡಿಯಲ್ಲಿ ತೇವ ಕಾಣುವುದು ಇದೇ ಕಾರಣಕ್ಕೆ.

ನೀರಿನೊಡನೆ ಉಪ್ಪು ಬರುತ್ತದೆ. ಮಣ್ಣಿನಲ್ಲಿ, ಇಟ್ಟಿಗೆಯಲ್ಲಿ, ಸಿಮೆಂಟಿನಲ್ಲಿ, ಕೊಳವೆಬಾವಿಯ ಗಡಸು ನೀರಿನಲ್ಲಿ, ಎಲ್ಲದರಲ್ಲೂ ಕರಗುವ ಲವಣಗಳಿವೆ. ನೀರು ಎಲ್ಲಿ ಆವಿಯಾಗುತ್ತದೆಯೋ ಅಲ್ಲಿ ಲವಣ ಹರಳುಗಟ್ಟುತ್ತದೆ. ಪ್ಲಾಸ್ಟರಿನ ಮೇಲ್ಮೈಯಲ್ಲಿ ಹರಳುಗಟ್ಟಿದರೆ ಬಿಳಿಯ ಹೂವಿನಂತೆ ಕಂಡು, ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಪ್ಲಾಸ್ಟರಿನ ಹಿಂದೆ ಹರಳುಗಟ್ಟಿದರೆ ಹಿಗ್ಗುವ ಹರಳು ಇಟ್ಟಿಗೆಯ ಮೈಯನ್ನೇ ಸೀಳುತ್ತದೆ. ಪ್ಲಾಸ್ಟರ್ ಕೆಡಬಹುದು, ಮತ್ತೆ ಮಾಡಿಸಬಹುದು. ಇಟ್ಟಿಗೆ ಕೆಟ್ಟರೆ ಗೋಡೆಯೇ ತೆಳುವಾಗುತ್ತದೆ. ಆದ್ದರಿಂದ ಗೋಡೆಗಿಂತ ಪ್ಲಾಸ್ಟರ್ ದುರ್ಬಲವಾಗಿರಬೇಕು, ಇಟ್ಟಿಗೆಗಿಂತ ಗಾರೆ ಮೆದುವಾಗಿರಬೇಕು.

ಹಾಗೆಂದು ಸುಣ್ಣ ದುರ್ಬಲ ವಸ್ತು, ಬಡವರ ಪಾಲಿನದು ಎಂದು ಭಾವಿಸುವವರಿಗೆ ಕನ್ನಂಬಾಡಿ ಕಟ್ಟೆಯನ್ನು ತೋರಿಸಬೇಕು. 1911ರಲ್ಲಿ ಆರಂಭವಾದ ಆ ಕೃಷ್ಣರಾಜಸಾಗರ ಅಣೆಕಟ್ಟನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು. ಸುಣ್ಣಕ್ಕೆ ಸುರ್ಕಿ ಬೆರೆತಾಗ ಗಾರೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣ ಪಡೆಯುತ್ತದೆ.

ಯಾವ ಗೋಡೆಗೆ ಯಾವುದು

ಭಾರತೀಯ ಮಾನಕ ಐ.ಎಸ್. 1905ರ ಕೋಷ್ಟಕವನ್ನು ನಮ್ಮ ಅಂಗಡಿಗಳಲ್ಲಿ ಅಂಟಿಸಿಕೊಂಡರೆ ತಪ್ಪಿಲ್ಲ. ಅದರಲ್ಲಿ ಸಿಮೆಂಟ್ ಒಂದು, ಮರಳು ಆರು ಪ್ರಮಾಣದ ಗಾರೆಗೂ, ಸಿಮೆಂಟ್ ಒಂದು, ಸುಣ್ಣ ಒಂದು, ಮರಳು ಆರು ಪ್ರಮಾಣದ ಗಾರೆಗೂ ಒಂದೇ ಬಲವನ್ನು ನೀಡಲಾಗಿದೆ: ಚದರ ಮಿಲಿಮೀಟರಿಗೆ 3 ನ್ಯೂಟನ್. 1:2:9ಕ್ಕೆ 2 ನ್ಯೂಟನ್. ಕಾಲು ಪಾಲು ಸುಣ್ಣ ಸೇರಿಸಿದ 1:3ರ ಗಾರೆಯ ಬಲ 10 ನ್ಯೂಟನ್. ಮನೆಯ ಗೋಡೆಯ ಪ್ಲಾಸ್ಟರಿಗೆ ಹತ್ತು ನ್ಯೂಟನ್ ಬಲ ಯಾತಕ್ಕೆ ಬೇಕು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಗೋಡೆಯನ್ನು ಗುರುತಿಸುವುದು ಕಷ್ಟದ ಕೆಲಸವೇನಲ್ಲ. ಪ್ಲಾಸ್ಟರ್ ಉದುರಿದ ಕಡೆ ಎರಡು ಇಟ್ಟಿಗೆಗಳ ನಡುವಿನ ಗಾರೆಯನ್ನು ಬೀಗದ ಕೈಯಿಂದ ಕೆರೆದು ನೋಡುವಂತೆ ಗಿರಾಕಿಗೆ ಹೇಳಬಹುದು. ಕೆಂಪಾಗಿ ಪುಡಿಯಾಗಿ ಉದುರಿದರೆ ಮಣ್ಣಿನ ಗಾರೆ. ಬೆಳ್ಳಗೆ ಅಥವಾ ತಿಳಿಗೆಂಪಾಗಿ, ಉಗುರಿಗೂ ಸ್ವಲ್ಪ ಸ್ವಲ್ಪ ಬಂದರೆ ಸುಣ್ಣ ಅಥವಾ ಸುರ್ಕಿ. ಬೂದು ಬಣ್ಣವಾಗಿ, ಕೆರೆದರೂ ಬಾರದಿದ್ದರೆ ಸಿಮೆಂಟ್. ತೆಗೆದ ಚೂರನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಗೆ ತಂದರೆ ಇನ್ನೂ ಒಳ್ಳೆಯದು.

ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮಾತ್ರದ ಪ್ಲಾಸ್ಟರನ್ನು ಕೊಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು ಎಂಬ ಪ್ರಮಾಣದಿಂದ ಆರಂಭಿಸಿ, ಗೋಡೆಯ ಒಂದು ಮೂಲೆಯಲ್ಲಿ ಎರಡಡಿ ಚದರದಷ್ಟು ಬಳಿದು, ಕೆಲವು ವಾರ ನೋಡಿ ಮುಂದುವರಿಯುವುದು ಸರಿಯಾದ ಕ್ರಮ. ಅಷ್ಟು ವ್ಯವಧಾನವಿಲ್ಲದವರಿಗೆ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗದವರಿಗೆ, 1:2:9 ಒಂದು ಒಪ್ಪಬಹುದಾದ ಮಧ್ಯಮ ಮಾರ್ಗ. ಬಿದ್ದುಹೋದ ಸಂದುಗಳನ್ನು ಮೊದಲು ಅಗಲದ ಎರಡರಷ್ಟು ಆಳಕ್ಕೆ ಕೆದಕಿ, ದೂಳು ತೆಗೆದು, ನೀರು ಚಿಮುಕಿಸಿ ಅದೇ ಗಾರೆಯಿಂದ ತುಂಬಿದ ಮೇಲೆಯೇ ಪ್ಲಾಸ್ಟರ್ ಮಾಡಬೇಕು. ಇದನ್ನು ಬಿಟ್ಟರೆ ಒಳಗೆ ಟೊಳ್ಳು, ಹೊರಗೆ ಹೊಳಪು.

1980ರ ದಶಕದ ನಂದಿನಿ ಲೇಔಟ್ ಮನೆಗಳ ಪೈಕಿ ಸಿಮೆಂಟ್ ಗಾರೆಯಲ್ಲೇ ಕಟ್ಟಿದ ಇಟ್ಟಿಗೆ ಗೋಡೆಗಳಿಗೆ ಶುದ್ಧ ಸುಣ್ಣದ ಪ್ಲಾಸ್ಟರ್ ಬೇಕೇ ಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಅಲ್ಲಿಗೆ 1:1:6 ಚೆನ್ನಾಗಿ ಒಗ್ಗುತ್ತದೆ. ಸೈಜುಗಲ್ಲಿನ ಗೋಡೆಯಲ್ಲಿ ಕಲ್ಲು ನೀರು ಕುಡಿಯುವುದು ತೀರ ಕಡಿಮೆ. ನೀರು ಬರುವುದೂ ಹೋಗುವುದೂ ಸಂದಿನ ಮೂಲಕವೇ, ಆದ್ದರಿಂದ ಅಲ್ಲಿ ಸಂದು ಮುಖ್ಯ. ಕಾಂಕ್ರೀಟ್ ಬ್ಲಾಕಿನ ಗೋಡೆಯದು ಬೇರೆಯೇ ಕಥೆ. ಅಲ್ಲಿ ತೊಂದರೆ ಬರುವುದು ಬ್ಲಾಕ್ ಕುಗ್ಗುವುದರಿಂದ, ಕಂಬ ಮತ್ತು ಗೋಡೆ ಕೂಡುವ ಕಡೆ ಜಾಲರಿ ಹಾಕದಿರುವುದರಿಂದ. ಲಿಂಟಲ್, ಸಜ್ಜೆ, ತಾರಸಿ, ನೀರಿನ ಸಂಪು ಇವೆಲ್ಲ ಸಿಮೆಂಟಿನ ಸ್ವಂತ ಕ್ಷೇತ್ರ. ಅಲ್ಲಿ ಸುಣ್ಣವನ್ನು ತಂದು ತೂರಿಸುವುದರಲ್ಲಿ ಅರ್ಥವಿಲ್ಲ. ಜಿಪ್ಸಂ ಪ್ಲಾಸ್ಟರ್ ಒಣ ಒಳಗೋಡೆಗೆ ಮಾತ್ರ. ತೇವದ ಗೋಡೆಗೆ ಅದನ್ನು ಮಾರುವುದು ಗಿರಾಕಿಗೆ ಮಾಡುವ ಮೋಸ.

ಇತ್ತೀಚೆಗೆ ಸುಣ್ಣದ ಬಗ್ಗೆ ಹುಟ್ಟಿಕೊಂಡಿರುವ ಅತಿ ಉತ್ಸಾಹದ ಕುರಿತೂ ಒಂದು ಮಾತು ಹೇಳಬೇಕು. ಬೆಲ್ಲ, ಅಳಲೆಕಾಯಿ, ಲೋಳೆಸರ ಬೆರೆಸಿದ ‘ರಾಜರ ಕಾಲದ ಗಾರೆ’ ಎಂಬ ಪ್ರಚಾರ ಕೇಳಿಬರುತ್ತಿದೆ. ಹಿಂದಿನವರು ಇವನ್ನು ಬಳಸಿದ್ದು ನಿಜ, ಶುದ್ಧ ಸುಣ್ಣದ ಗಾರೆಯಲ್ಲಿ ಇವುಗಳಿಗೆ ಪ್ರಯೋಜನವೂ ಇದೆ. ಆದರೆ ಸಕ್ಕರೆಯ ಅಂಶ ಸಿಮೆಂಟಿನ ಬಿಗಿತವನ್ನು ತಡೆಯುತ್ತದೆ. ಅರ್ಧ ತಿಳಿದವರು 1:1:6ರ ಮಿಶ್ರಣಕ್ಕೆ ಬೆಲ್ಲದ ನೀರು ಸುರಿದರೆ ಗಾರೆ ಗಟ್ಟಿಯಾಗುವುದೇ ಇಲ್ಲ. ವರ್ತಕರು ಇಂಥ ಮಿಶ್ರ ಸಲಹೆಯನ್ನು ಕೊಡದಿರುವುದು ಒಳಿತು.

ಎತ್ತಿಗೆ ಜ್ವರ ಬಂದರೆ

ಗಾರೆಯನ್ನು ಬದಲಾಯಿಸಿದ ಮಾತ್ರಕ್ಕೆ ತೇವ ಹೋಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕಾಗುತ್ತದೆ. ಹಲವು ಮನೆಗಳಲ್ಲಿ ಮೂಲ ಕಾರಣ ಗೋಡೆಯಲ್ಲೇ ಇರುವುದಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರುತ್ತಾ ಬಂದು, ಹಳೆಯ ಮನೆಯ ಪಾಯದ ಮಟ್ಟಕ್ಕೆ ಮುಟ್ಟಿರುತ್ತದೆ. ಅಂಗಳಕ್ಕೆ ಗೋಡೆಯವರೆಗೂ ಕಾಂಕ್ರೀಟ್ ಹಾಕಿಸಿರುತ್ತಾರೆ. ಮಳೆ ನೀರು ಗೋಡೆಯ ಬುಡಕ್ಕೇ ಹರಿಯುತ್ತದೆ. ಸಂಪು ಗೋಡೆಗೆ ಒತ್ತಿಕೊಂಡಿರುತ್ತದೆ. ಸ್ನಾನದ ಮನೆಯ ಒಳಪೈಪು ಸೋರುತ್ತಿರುತ್ತದೆ. ತಾರಸಿಯ ಮಳೆ ನೀರಿನ ಪೈಪು ಮುರಿದು ವರ್ಷಗಳಾಗಿರುತ್ತವೆ. ಇವನ್ನು ಬಿಟ್ಟು ಪ್ಲಾಸ್ಟರ್ ಮಾಡಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಲೇಪನವೂ ಹಾಗೆಯೇ. ಒಣಗಿದ, ಗಟ್ಟಿಮುಟ್ಟಾದ ಗೋಡೆಯ ಮೇಲೆ ಅದು ಮಳೆಯನ್ನು ತಡೆಯಬಲ್ಲದು, ಬುಡದಿಂದ ತೇವ ಏರುತ್ತಿರುವ ಗೋಡೆಯ ಮೇಲೆ ಒಂದು ಮುಚ್ಚಳವಾಗುತ್ತದೆ. ಡಬ್ಬ ಮಾರುವ ಮುನ್ನ ಈ ವ್ಯತ್ಯಾಸವನ್ನು ಹೇಳಿದರೆ ಒಂದು ಡಬ್ಬದ ಲಾಭ ಹೋಗಬಹುದು. ಗಿರಾಕಿ ಉಳಿಯುತ್ತಾರೆ.

ಗೋಡೆಗಳನ್ನು ನಿರ್ಲಕ್ಷಿಸಿದರೆ ಏನಾಗುತ್ತದೆ ಎಂಬುದರ ಅನುಭವ ವರ್ತಕ ಸಮುದಾಯಕ್ಕೆ ಹೊಸದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಪ್ರಾಣಹಾನಿಯಾಯಿತು. ಅಲ್ಲಿಯೇ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಎರಡೂ ಮಳಿಗೆಗಳಿಂದ ತುಂಬಿದ ಹಳೆಯ ಕಟ್ಟಡಗಳು. ಕುಸಿತದ ಕಾರಣಗಳನ್ನು ಕುರಿತು ತೀರ್ಪು ನೀಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ದುರಸ್ತಿಯೋ ನೆಲಸಮವೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಾಗ ನಷ್ಟ ಅನುಭವಿಸಿದವರು ಒಳಗಿದ್ದ ವ್ಯಾಪಾರಿಗಳು. ನಮ್ಮ ಸದಸ್ಯರಲ್ಲಿಯೂ ಹಳೆಯ ಕಟ್ಟಡಗಳಲ್ಲಿ ಅಂಗಡಿ, ಗೋದಾಮು ಇಟ್ಟುಕೊಂಡವರು ಕಡಿಮೆಯಿಲ್ಲ.

ಲೆಕ್ಕಾಚಾರ

ಇಷ್ಟೆಲ್ಲ ಸರಿ, ವ್ಯಾಪಾರಕ್ಕೆ ಏನು ಲಾಭ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 100 ಚದರ ಅಡಿ ಗೋಡೆಗೆ 12 ಮಿ.ಮೀ. ದಪ್ಪದ ಪ್ಲಾಸ್ಟರಿಗೆ 1:3ರಲ್ಲಿ ಸುಮಾರು ಒಂದು ಚೀಲ ಸಿಮೆಂಟ್ ಬೇಕಾದರೆ, 1:2:9ರಲ್ಲಿ ಅರ್ಧ ಚೀಲಕ್ಕೂ ಕಡಿಮೆ ಸಾಕು. ಜೊತೆಗೆ 15ರಿಂದ 20 ಕಿಲೋ ಸುಣ್ಣ. ಅಂದರೆ ಸಿಮೆಂಟಿನ ಮಾರಾಟ ಆ ಗೋಡೆಯ ಮಟ್ಟಿಗೆ ಇಳಿಯುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಒಂದು ಚೀಲ ಸಿಮೆಂಟಿನಲ್ಲಿ ಚಿಲ್ಲರೆ ವರ್ತಕರಿಗೆ ಉಳಿಯುವುದೆಷ್ಟು ಎಂಬುದು ಎಲ್ಲರಿಗೂ ಗೊತ್ತಿದೆ. ಸುಣ್ಣ, ಸುರ್ಕಿ, ಪ್ರಮಾಣಬದ್ಧವಾಗಿ ಬೆರೆಸಿದ ಒಣ ಗಾರೆಯ ಚೀಲಗಳಲ್ಲಿ ಪೈಪೋಟಿ ಇನ್ನೂ ಕಡಿಮೆ. ದೊಡ್ಡ ಕಂಪನಿಗಳು ಹೊಸ ಕಟ್ಟಡಗಳ ಮಾರುಕಟ್ಟೆಯ ಹಿಂದೆ ಹೋಗಿರುವಾಗ, ದುರಸ್ತಿಯ ಮಾರುಕಟ್ಟೆ ಸಣ್ಣ ಘಟಕಗಳ ಕೈಗೆಟುಕುವಂತಿದೆ.

ಪೀಣ್ಯ ಮತ್ತು ರಾಜಾಜಿನಗರದ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಿಗಳಿಗೆ ಇದರಲ್ಲಿ ವಿಶೇಷ ಅವಕಾಶವಿದೆ. ಪುಡಿ ಮಾಡುವ, ಜರಡಿ ಹಿಡಿಯುವ, ತೂಗಿ ತುಂಬುವ ಯಂತ್ರಗಳನ್ನು ತಯಾರಿಸಬಲ್ಲ ಕೌಶಲ ಇಲ್ಲಿಯೇ ಇದೆ. ಸುಣ್ಣದ ಕಲ್ಲಿಗೆ ಬಾಗಲಕೋಟೆಯ ಕಡೆಯ ಸುಣ್ಣದ ಭಟ್ಟಿಗಳಿವೆ. ಸುರ್ಕಿಗೆ ಇಟ್ಟಿಗೆ ಭಟ್ಟಿಗಳ ಒಡೆದ ಇಟ್ಟಿಗೆ ದೊರೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸುರ್ಕಿಯ ಗುಣ ಸುಡುವ ಶಾಖವನ್ನು ಅವಲಂಬಿಸಿದೆ. ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಜೇಡಿಯೇ ಸುಣ್ಣದೊಡನೆ ಚೆನ್ನಾಗಿ ಬೆರೆಯುತ್ತದೆ. ಕರಕಲಾಗಿ ಸುಟ್ಟ ಇಟ್ಟಿಗೆಯನ್ನು ಎಷ್ಟು ನುಣ್ಣಗೆ ಪುಡಿ ಮಾಡಿದರೂ ಅದು ಬರಿಯ ಕೆಂಪು ಮರಳು. ಐ.ಎಸ್. 1344 ಸುಟ್ಟ ಜೇಡಿಯ ಪುಡಿಗೂ, ಐ.ಎಸ್. 712 ಕಟ್ಟಡದ ಸುಣ್ಣಕ್ಕೂ ಇರುವ ಮಾನಕಗಳು. ಎರಡನೆಯದು ಸುಣ್ಣವನ್ನು ‘ಎ’ಯಿಂದ ‘ಎಫ್’ವರೆಗೆ ವರ್ಗೀಕರಿಸುತ್ತದೆ, ‘ಸಿ’ ವರ್ಗದ ಕೊಬ್ಬು ಸುಣ್ಣ ಅಂತಿಮ ಲೇಪನಕ್ಕೂ, ಸುರ್ಕಿಯೊಡನೆ ಗಾರೆಗೂ ತಕ್ಕುದು. ಇವನ್ನು ಓದದೆ ಉತ್ಪಾದನೆಗೆ ಇಳಿಯುವುದು ಬೇಡ.

ತೆರಿಗೆಯ ದೃಷ್ಟಿಯಿಂದಲೂ ಗಮನಿಸಬೇಕು. ಸಿಮೆಂಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಕಟ್ಟಡದ ಸುಣ್ಣಕ್ಕೆ ಇರುವುದು ಶೇ. 5. ಆದರೆ ಬೆರೆಸಿದ ಗಾರೆ ಬೇರೆ ಶೀರ್ಷಿಕೆಗೆ ಸೇರುತ್ತದೆ. ಶುದ್ಧೀಕರಿಸಿದ ರಾಸಾಯನಿಕ ಸುಣ್ಣ ಮತ್ತೊಂದಕ್ಕೆ. ಎಚ್.ಎಸ್.ಎನ್. ಸಂಖ್ಯೆಯನ್ನು ಲೆಕ್ಕಪರಿಶೋಧಕರೊಡನೆ ಖಚಿತಪಡಿಸಿಕೊಂಡೇ ಬಿಲ್ಲು ಹಾಕುವುದು ಕ್ಷೇಮ.

ಈ ವ್ಯಾಪಾರವನ್ನು ಆರಂಭದಲ್ಲೇ ಕೆಡಿಸಬಲ್ಲ ಸಂಗತಿ ಒಂದಿದೆ, ಅದು ಕಲಬೆರಕೆ. ಮಾರುಕಟ್ಟೆಯಲ್ಲಿ ‘ಸುಣ್ಣದ ಪುಡಿ’ ಎಂದು ಸಿಗುವ ಚೀಲಗಳಲ್ಲಿ ಸುಡದ ಸುಣ್ಣಕಲ್ಲಿನ ಪುಡಿಯೂ ಇರುತ್ತದೆ. ನೋಡಲು ಎರಡೂ ಬಿಳುಪು. ಸುಡದ ಪುಡಿ ಗಾರೆಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಒಳ್ಳೆಯ ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದರೆ ಬಿಸಿಯೇರಿ, ಆವಿ ಬಿಟ್ಟು, ಅರಳಿ ಹಿಟ್ಟಾಗುತ್ತದೆ. ಅರಳಿದ ಸುಣ್ಣದ ಪುಡಿಯ ಮೇಲೆ ಸ್ವಲ್ಪ ದುರ್ಬಲ ಆಮ್ಲ ಹಾಕಿದಾಗ ಜೋರಾಗಿ ನೊರೆಯೆದ್ದರೆ ಅದು ಸುಡದ ಕಲ್ಲಿನ ಪುಡಿ ಅಥವಾ ಗಾಳಿ ತಾಗಿ ಹಳತಾದದ್ದು. ಅರಳಿದ ಸುಣ್ಣದ ಚೀಲ ಗಾಳಿಗೆ ತೆರೆದಿದ್ದರೆ ದಿನಕಳೆದಂತೆ ಮತ್ತೆ ಕಲ್ಲಾಗುತ್ತದೆ. ಆದ್ದರಿಂದ ಚೀಲದ ಮೇಲೆ ತಯಾರಿಕೆಯ ದಿನಾಂಕ ಇರಲೇಬೇಕು. ನೀರಿನಡಿ ಇಟ್ಟ ಸುಣ್ಣದ ಮುದ್ದೆಯಾದರೆ ಇಟ್ಟಷ್ಟೂ ಹದವಾಗುತ್ತದೆ. ಮುಚ್ಚಳದ ಬಕೆಟ್‌ಗಳಲ್ಲಿ ಮಾರಲು ಅದೇ ಅನುಕೂಲ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯವಾದ್ದರಿಂದ ಕೈಗವಸು, ಕನ್ನಡಕಗಳನ್ನು ಬಕೆಟ್ಟಿನ ಪಕ್ಕದಲ್ಲೇ ಇಟ್ಟು ಮಾರಬೇಕು, ಎಚ್ಚರಿಕೆಯನ್ನು ಕನ್ನಡದಲ್ಲೇ ಅಚ್ಚು ಹಾಕಿಸಬೇಕು.

ಮರಳಿನ ವಿಷಯ ಚಿಕ್ಕದಾಗಿ. ನದಿ ಮರಳು ದುರ್ಲಭವಾಗಿರುವಾಗ ಎಂ-ಸ್ಯಾಂಡ್ ಅನಿವಾರ್ಯ. ಆದರೆ ಕಾಂಕ್ರೀಟಿಗೆ ಬರುವ ದಪ್ಪ ಎಂ-ಸ್ಯಾಂಡ್ ಪ್ಲಾಸ್ಟರಿಗೆ ಬರುವುದಿಲ್ಲ. ಕಲ್ಲಿನ ಹಿಟ್ಟು ಹೆಚ್ಚಾದ ಮರಳು ಬಿರುಕು ಬಿಡುತ್ತದೆ. ಪ್ಲಾಸ್ಟರಿಗೆಂದೇ ಜರಡಿ ಹಿಡಿದ, ತೊಳೆದ ಮರಳನ್ನು ಬೇರೆಯಾಗಿ ಇಟ್ಟು ಮಾರುವವರು ನಮ್ಮ ಭಾಗದಲ್ಲಿ ಇನ್ನಷ್ಟು ಬೇಕು.

ಕೆಲಸಗಾರರ ಕೊರತೆಯೇ ದೊಡ್ಡ ಅಡ್ಡಿ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಸುಣ್ಣದ ಪ್ಲಾಸ್ಟರ್ ತಾಳ್ಮೆಯ ಕೆಲಸ. ಒಂದೊಂದು ಪದರವೂ ತೆಳುವಾಗಿರಬೇಕು, ಒಂದು ಬಿಗಿಯಾದ ಮೇಲೆ ಇನ್ನೊಂದು. ನೇರ ಬಿಸಿಲು, ಮಳೆ ತಾಗದಂತೆ ಗೋಣಿ ಕಟ್ಟಬೇಕು. ನೀರು ಸುರಿಯದೆ ಚಿಮುಕಿಸಬೇಕು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದಿನಗೂಲಿಯ ಮೇಸ್ತ್ರಿಗೆ ಈ ನಿಧಾನ ಕಟ್ಟಿಬರುವುದಿಲ್ಲ. ದುರಸ್ತಿಯ ಖರ್ಚಿನಲ್ಲಿ ಕೂಲಿಯ ಪಾಲೇ ದೊಡ್ಡದಾದ್ದರಿಂದ ಮಾಲೀಕರೂ ಹಿಂಜರಿಯುತ್ತಾರೆ. ಆದರೆ ಮೂರು ವರ್ಷಕ್ಕೊಮ್ಮೆ ಅದೇ ಗೋಡೆಗೆ ಅದೇ ಕೂಲಿಯನ್ನು ಕೊಡುವುದಕ್ಕಿಂತ ಇದು ಹೇಗೆ ದುಬಾರಿ ಎಂಬುದನ್ನು ಅವರ ಮುಂದೆ ಲೆಕ್ಕ ಹಾಕಿ ತೋರಿಸಬೇಕಾದವರು ನಾವು. 1:1:6, 1:2:9 ಮಿಶ್ರಣಗಳಿಗಂತೂ ಹೊಸ ಕೌಶಲ ಅಷ್ಟಾಗಿ ಬೇಕಿಲ್ಲ. ಈಗಿರುವ ಮೇಸ್ತ್ರಿಗಳೇ ಒಂದೆರಡು ದಿನಗಳ ಅಭ್ಯಾಸದಿಂದ ಮಾಡಬಲ್ಲರು. ಸುಣ್ಣ ಸೇರಿದ ಗಾರೆ ಕರಣೆಗೆ ಬೆಣ್ಣೆಯಂತೆ ಬರುತ್ತದೆಂದು ಒಮ್ಮೆ ಕೈಯಾಡಿಸಿದವರು ತಾವೇ ಹೇಳುತ್ತಾರೆ.

ಸಂಸ್ಥೆಯ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳು ಇಂಥ ಕೆಲಸಕ್ಕೆ ತಕ್ಕ ಕಾಲ. ಈ ಅವಧಿಯಲ್ಲಿ ನಂದಿನಿ ಲೇಔಟ್, ಮಹಾಲಕ್ಷ್ಮಿ ಬಡಾವಣೆ ಭಾಗದ ಕಟ್ಟಡ ಸಾಮಗ್ರಿ ವರ್ತಕರು ಒಂದಾಗಿ, ಮೇಸ್ತ್ರಿಗಳಿಗೆ ಎರಡು ದಿನಗಳ ಶಿಬಿರ ನಡೆಸಬಹುದು. ಆ ಎರಡು ದಿನಗಳ ಕೂಲಿಯನ್ನು ಅವರಿಗೆ ಕೊಡುವುದೂ ನಮ್ಮ ಹೊಣೆಯೇ ಆಗಬೇಕು, ಇಲ್ಲವಾದರೆ ಯಾರೂ ಬರಲಾರರು. ಯಾವುದಾದರೂ ಒಂದು ಹಳೆಯ ಗೋಡೆಯ ಮೇಲೆ 1:3, 1:1:6, 1:2:9 ಮತ್ತು ಸುಣ್ಣ-ಸುರ್ಕಿ, ಈ ನಾಲ್ಕು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಬಳಿಸಿ, ದಿನಾಂಕ ಬರೆದು, ಎರಡು ಮಳೆಗಾಲ ಹಾಗೆಯೇ ಬಿಡಬೇಕು. ಗೋಡೆಯನ್ನು ಒದಗಿಸಲು ಮುಂದೆ ಬರುವ ಸದಸ್ಯರು ಕಾರ್ಯಾಲಯಕ್ಕೆ ತಿಳಿಸಿದರೆ ಸಾಕು, ಸಾಮಗ್ರಿಯನ್ನು ಒದಗಿಸಲು ವರ್ತಕರು ಸಿಗುತ್ತಾರೆ. ಅಲ್ಲಿಯವರೆಗೆ ಪ್ರತಿಯೊಬ್ಬರೂ ಬಿಲ್ಲಿನ ಕೆಳಗೆ ಒಂದು ಸಾಲನ್ನು ಸೇರಿಸಬಹುದು: ಗೋಡೆ ಯಾವುದರದು, ಕೊಟ್ಟ ಪ್ರಮಾಣ ಯಾವುದು.